ಕೇಳುಗನ ಹಣ, ಕಲಾವಿದನ ಪಾಲು

ಕಲೆಯು ಬಾಳಬೇಕಾದರೆ ಕಲಾವಿದನು ಬಾಳಬೇಕು. ರಾಜಾಶ್ರಯವಿದ್ದ ಕಾಲದಲ್ಲಿ ಗಾಯಕನ ಯೋಗಕ್ಷೇಮವನ್ನು ಅರಮನೆಯು ನೋಡಿಕೊಳ್ಳುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಅವರ ಕಂಠವು ಗ್ರಾಮಫೋನ್ ತಟ್ಟೆಗಾಗಿ ಮುದ್ರಿತವಾಯಿತು. ಮುಂದೆ ಸಂಗೀತವು ಭಾರತದಲ್ಲಿ ಅಂಗಡಿಯಲ್ಲಿ ದೊರೆಯುವ ವಸ್ತುವೂ ಆಯಿತು. ತಟ್ಟೆ, ಕ್ಯಾಸೆಟ್, ಸಿ.ಡಿ. ಇವು ಒಂದರ ಹಿಂದೊಂದರಂತೆ ಬಂದವು. ರೂಪವು ಬದಲಾದರೂ ವ್ಯವಹಾರದ ತಿರುಳು ಒಂದೇ ಆಗಿತ್ತು: ಕೇಳುಗನು ಯಾವ ಹಾಡನ್ನು ಕೊಂಡನೋ ಅವನ ಹಣವು ಆ ಹಾಡಿನ ಲೆಕ್ಕಕ್ಕೇ ಸೇರುತ್ತಿತ್ತು. ಸ್ಟ್ರೀಮಿಂಗ್ ಎಂಬ ಹೊಸ ಪದ್ಧತಿಯು ಈ ಸಂಬಂಧವನ್ನು ಕಡಿದುಹಾಕಿದೆ. ಇದು ಹೇಗಾಯಿತು, ಇದರಿಂದ ಕಲಾವಿದನಿಗೆ ಒದಗಿದ ಸ್ಥಿತಿ ಎಂತಹುದು ಎಂಬುದು ವಿಚಾರಾರ್ಹವಾದ ವಿಷಯ.

ಸ್ಟ್ರೀಮಿಂಗ್ ಎಂದರೆ ಹಾಡನ್ನು ಕೊಂಡು ಇಟ್ಟುಕೊಳ್ಳದೆ, ಬೇಕಾದಾಗ ಇಂಟರ್‌ನೆಟ್ ಮೂಲಕ ತರಿಸಿಕೊಂಡು ಕೇಳುವುದು. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯು ಹಾಡುಗಳನ್ನು ಬಿಟ್ಟಿಯಾಗಿ ಹಂಚಿಕೊಳ್ಳುವ ದಾರಿಯನ್ನು ತೆರೆಯಿತು. ನ್ಯಾಯಾಲಯದ ಆದೇಶದ ಫಲವಾಗಿ 2001ರಲ್ಲಿ ಅದು ನಿಂತಿತಾದರೂ, ಬಿಟ್ಟಿಯಾಗಿ ಕೇಳುವ ಅಭ್ಯಾಸವು ನಿಲ್ಲಲಿಲ್ಲ. 2003ರಲ್ಲಿ ಆ್ಯಪಲ್ ಸಂಸ್ಥೆಯು ಒಂದೊಂದು ಹಾಡನ್ನು 99 ಸೆಂಟಿಗೆ ಮಾರತೊಡಗಿತು. 2006ರಲ್ಲಿ ಸ್ವೀಡನ್ ದೇಶದಲ್ಲಿ ಡೇನಿಯಲ್ ಏಕ್ ಮತ್ತು ಮಾರ್ಟಿನ್ ಲೊರೆಂಟ್ಜೋನ್ ಅವರು ಸ್ಥಾಪಿಸಿದ ಸ್ಪಾಟಿಫೈ 2008ರಲ್ಲಿ ತನ್ನ ಸೇವೆಯನ್ನು ಆರಂಭಿಸಿತು. ಜಾಹೀರಾತನ್ನು ಸಹಿಸುವವರಿಗೆ ಸಂಗೀತವು ಉಚಿತ. ಸಹಿಸದವರಿಗೆ ತಿಂಗಳ ಚಂದಾ. 2015ರಲ್ಲಿ ಆ್ಯಪಲ್ ಮ್ಯೂಸಿಕ್ ಬಂದಿತು. ಅಮೆಜಾನ್, ಯೂಟ್ಯೂಬ್ ಸಂಸ್ಥೆಗಳೂ ಕಣಕ್ಕಿಳಿದವು. ಭಾರತದಲ್ಲಿ ಗಾನಾ, ಜಿಯೋಸಾವನ್ ಮೊದಲಾದವು ಬೆಳೆದವು. 2019ರಲ್ಲಿ ಸ್ಪಾಟಿಫೈ ಇಲ್ಲಿಗೂ ಕಾಲಿಟ್ಟಿತು. 2024ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯವು ಸುಮಾರು 2,960 ಕೋಟಿ ಡಾಲರು. ಅದರಲ್ಲಿ ಮೂರನೆಯ ಎರಡು ಪಾಲಿಗೂ ಮಿಕ್ಕ ಭಾಗವು ಸ್ಟ್ರೀಮಿಂಗಿನಿಂದಲೇ ಬಂದುದು.

ವ್ಯಾಪಾರಿಗಳ ಸಂಖ್ಯೆ ಹೆಚ್ಚಿದರೆ ಸರಕು ಒದಗಿಸುವವನಿಗೆ ಒಳ್ಳೆಯ ಬೆಲೆ ದೊರೆಯಬೇಕೆಂಬುದು ಸಾಮಾನ್ಯ ನಂಬಿಕೆ. ಇಲ್ಲಿ ಹಾಗಾಗಲಿಲ್ಲ. ಇದಕ್ಕೆ ಕಾರಣವಿದೆ. ಎಲ್ಲ ಸೇವೆಗಳಲ್ಲಿಯೂ ದೊರೆಯುವ ಹಾಡುಗಳು ಬಹುಮಟ್ಟಿಗೆ ಅವೇ. ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಕಂಪನಿಗಳು ತಮ್ಮ ಭಂಡಾರವನ್ನು ಎಲ್ಲರಿಗೂ ಕೊಡುತ್ತವೆ. ಸರಕು ಒಂದೇ ಆದ ಮೇಲೆ, ಒಬ್ಬನು ಚಂದಾ ಏರಿಸಿದರೆ ಗಿರಾಕಿಯು ಇನ್ನೊಬ್ಬನ ಬಳಿಗೆ ಹೋದಾನೆಂಬ ಅಂಜಿಕೆ ಸಹಜ. ಅಮೆರಿಕದಲ್ಲಿ ಸ್ಪಾಟಿಫೈಯ ವೈಯಕ್ತಿಕ ಚಂದಾ ಹತ್ತು ವರ್ಷಗಳಿಗೂ ಮಿಕ್ಕು 9.99 ಡಾಲರಿನಲ್ಲಿಯೇ ನಿಂತಿದ್ದು, 2023ರಲ್ಲಿ ಮೊದಲ ಬಾರಿಗೆ ಏರಿತು. ಅಷ್ಟರಲ್ಲಿ ಇತರ ವಸ್ತುಗಳ ಬೆಲೆಯೆಲ್ಲ ಏರಿದ್ದಿತು. ಸ್ಪರ್ಧೆಯ ಲಾಭವು ಕೇಳುಗನಿಗೆ ದಕ್ಕಿತು. ಅದರ ಭಾರದಲ್ಲಿ ಒಂದು ಪಾಲು ಹಾಡಿದವನ ಮೇಲೆ ಬಿದ್ದಿತು.

ಇನ್ನು ಹಂಚಿಕೆಯ ಕ್ರಮ. ಹೆಚ್ಚಿನ ಸೇವೆಗಳಲ್ಲಿ ಒಂದು ಹಾಡಿಗೆ ಇಷ್ಟೆಂದು ಗೊತ್ತಾದ ದರವಿಲ್ಲ. ಚಂದಾ ಹಣವೆಲ್ಲ ಒಂದೇ ಹುಂಡಿಗೆ ಬೀಳುತ್ತದೆ. ಸುಮಾರು ಮೂರನೆಯ ಒಂದು ಪಾಲನ್ನು ಸೇವೆಯು ಇರಿಸಿಕೊಂಡು, ಉಳಿದುದನ್ನು ಒಟ್ಟು ಶ್ರವಣಗಳ ಸಂಖ್ಯೆಗೆ ಅನುಗುಣವಾಗಿ ಹಕ್ಕುದಾರರಿಗೆ ಹಂಚುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಇಬ್ಬರೇ ಚಂದಾದಾರರಿರುವರೆಂದು ಭಾವಿಸೋಣ. ಒಬ್ಬೊಬ್ಬರೂ 100 ರೂಪಾಯಿ ಕೊಡುವರು. ಸೇವೆಯು ತಲಾ 30 ರೂಪಾಯಿ ಇರಿಸಿಕೊಂಡರೆ ಹುಂಡಿಯಲ್ಲಿ 140 ರೂಪಾಯಿ ಉಳಿಯಿತು. ಮೊದಲನೆಯವನು ಚಲನಚಿತ್ರ ಗೀತೆಗಳನ್ನು 900 ಸಲ ಕೇಳಿದನು. ಎರಡನೆಯವನು ಒಬ್ಬ ಹಿಂದೂಸ್ತಾನಿ ಗಾಯಕರನ್ನು ಮಾತ್ರ 100 ಸಲ ಕೇಳಿದನು. ಒಟ್ಟು 1,000 ಶ್ರವಣ. ಒಂದಕ್ಕೆ 14 ಪೈಸೆ. ಚಿತ್ರಗೀತೆಗಳಿಗೆ 126 ರೂಪಾಯಿ, ಗಾಯಕರಿಗೆ 14 ರೂಪಾಯಿ. ಎರಡನೆಯವನ 70 ರೂಪಾಯಿಗಳಲ್ಲಿ 56 ರೂಪಾಯಿ ಅವನು ಎಂದೂ ಕೇಳದ ಹಾಡುಗಳಿಗೆ ಹೋಯಿತು. ಅದೂ ಅಲ್ಲದೆ, ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಶ್ರವಣವೆಂದು ಎಣಿಕೆ. ಅರ್ಧ ಗಂಟೆಯ ಖ್ಯಾಲೂ ಒಂದೇ, ಮೂರು ನಿಮಿಷದ ಹಾಡೂ ಒಂದೇ. ನಿಧಾನವಾಗಿ ಬಿಡಿಸುವ ರಾಗಕ್ಕೆ ಈ ತಕ್ಕಡಿಯಲ್ಲಿ ತೂಕವಿಲ್ಲ.

ಹುಂಡಿಯಿಂದ ಹೊರಟ ಹಣವು ನೇರವಾಗಿ ಗಾಯಕನ ಕೈಗೆ ಬರುವುದೂ ಇಲ್ಲ. ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿವೆ: ಧ್ವನಿಮುದ್ರಣದ ಹಕ್ಕು ಒಂದು, ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಮತ್ತೊಂದು. ಮೊದಲನೆಯದು ಸಾಮಾನ್ಯವಾಗಿ ಧ್ವನಿಮುದ್ರಣ ಕಂಪನಿಯ ಸ್ವತ್ತು; ಹಣದ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಗಾಯಕನಿಗೆ ಎಷ್ಟು ಎಂಬುದನ್ನು ಅವನು ಎಂದೋ ಸಹಿ ಮಾಡಿದ ಕರಾರು ನಿರ್ಣಯಿಸುತ್ತದೆ.

ಪ್ರಬಲರಾದ ಕಲಾವಿದರು ಇದನ್ನು ಪ್ರತಿಭಟಿಸಿದ್ದುಂಟು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2014ರಲ್ಲಿ ತಮ್ಮ ಹಾಡುಗಳನ್ನು ಸ್ಪಾಟಿಫೈಯಿಂದ ಹಿಂದೆಗೆದುಕೊಂಡರು. ಮರುವರ್ಷ ಆ್ಯಪಲ್ ಮ್ಯೂಸಿಕ್, ಗಿರಾಕಿಗಳಿಗೆ ಉಚಿತವಾಗಿ ಕೊಡುವ ಮೊದಲ ಮೂರು ತಿಂಗಳ ಅವಧಿಗೆ ಕಲಾವಿದರಿಗೆ ಏನೂ ಸಲ್ಲದೆಂದಾಗ, ಅವರು ಬಹಿರಂಗ ಪತ್ರವನ್ನು ಬರೆದರು. ಸಂಸ್ಥೆಯು ಕೂಡಲೇ ಮಣಿಯಿತು. 2017ರಲ್ಲಿ ಅವರ ಹಾಡುಗಳು ಸ್ಪಾಟಿಫೈಗೆ ಮರಳಿದವು. ಕೋಟ್ಯಂತರ ಕೇಳುಗರಿರುವವರ ಮಾತು ಹೀಗೆ ನಡೆಯಬಹುದು. ಸಾವಿರ ಕೇಳುಗರಿರುವವನ ಮಾತಿಗೆ ಆ ಬಲವಿಲ್ಲ. 2024ರಿಂದ ಸ್ಪಾಟಿಫೈಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಶ್ರವಣಗಳನ್ನು ಮುಟ್ಟದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ.

ಪರಿಹಾರದ ಯತ್ನಗಳೂ ನಡೆದಿವೆ. ಪ್ರತಿಯೊಬ್ಬ ಕೇಳುಗನ ಹಣವನ್ನು ಅವನು ಕೇಳಿದ ಕಲಾವಿದರಿಗೇ ಹಂಚುವುದು ಒಂದು ಕ್ರಮ. ಮೇಲಿನ ಉದಾಹರಣೆಯಲ್ಲಿ ಆಗ ಎರಡೂ ಕಡೆಗೆ 70 ರೂಪಾಯಿ ಸಲ್ಲುವುದು. ಸೌಂಡ್‌ಕ್ಲೌಡ್ ಸಂಸ್ಥೆಯು 2021ರಲ್ಲಿ, ಸ್ವತಂತ್ರ ಕಲಾವಿದರ ಮಟ್ಟಿಗೆ, ಇದನ್ನು ಜಾರಿಗೆ ತಂದಿತು. ಆದರೆ ಇದನ್ನೇ ಸರ್ವರೋಗ ನಿವಾರಕವೆಂದು ತಿಳಿಯಬಾರದು. ಅದೇ ವರ್ಷ ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರವು ಪ್ರಕಟಿಸಿದ ಅಧ್ಯಯನವು, ಈ ಕ್ರಮದಿಂದ ಶಾಸ್ತ್ರೀಯ ಸಂಗೀತದ ಪಾಲು ಹೆಚ್ಚಿ ರ‍್ಯಾಪ್ ಸಂಗೀತದ ಪಾಲು ತಗ್ಗುವುದೆಂದೂ, ಬಹುಮಂದಿ ಸಣ್ಣ ಕಲಾವಿದರಿಗೆ ಮಾತ್ರ ವರ್ಷಕ್ಕೆ ಕೆಲವೇ ಯೂರೋಗಳ ಹೆಚ್ಚಳವಾಗುವುದೆಂದೂ ತೋರಿಸಿತು. ಹಂಚುವ ರೀತಿಯು ನ್ಯಾಯವಾದರೂ ಹಂಚುವ ಮೊತ್ತವು ಕಿರಿದಾಗಿದ್ದರೆ ಹೊಟ್ಟೆ ತುಂಬದು.

ಆದುದರಿಂದ ಕಾನೂನಿನ ಆಸರೆಯೂ ಅವಶ್ಯಕ. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಈ ದಿಸೆಯಲ್ಲಿ ಮಹತ್ತ್ವದ್ದು. ಚಿತ್ರಗೀತೆಯ ಕವಿಯಾಗಲಿ ಸಂಗೀತ ನಿರ್ದೇಶಕನಾಗಲಿ ತನ್ನ ಕೃತಿಯ ಹಕ್ಕನ್ನು ಬರೆದುಕೊಟ್ಟಿದ್ದರೂ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಅಧಿಕಾರವನ್ನು ಯಾರೂ ಕಸಿಯಲಾರರು. ವಾಣಿಜ್ಯ ಬಳಕೆಯಲ್ಲಿ ಗಾಯಕನಿಗೂ ರಾಯಲ್ಟಿಯ ಹಕ್ಕನ್ನು ಅದು ಮನ್ನಿಸಿತು. ಕನ್ನಡ ಚಿತ್ರಗೀತೆಗಳ ಕರ್ತೃಗಳಿಗೂ ಇದು ಅನ್ವಯಿಸುತ್ತದೆ. ಆದರೆ ಕಾಯಿದೆಯಲ್ಲಿರುವ ಹಕ್ಕು ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಕಲಾವಿದನು ಹಕ್ಕುಸಂಗ್ರಹ ಸಂಘದ ಸದಸ್ಯನಾಗಿ, ತನ್ನ ಕೃತಿಗಳನ್ನು ನೋಂದಾಯಿಸಿ, ಕರಾರನ್ನು ಓದಿ ತಿಳಿದು ಸಹಿ ಮಾಡಬೇಕು.

ಕೇಳುಗನ ಹೊಣೆಯೂ ಸಣ್ಣದಲ್ಲ. ತಾನು ಕೊಟ್ಟ ಚಂದಾ ತನ್ನ ಮೆಚ್ಚಿನ ಗಾಯಕನಿಗೆ ತಲುಪಿತೆಂದು ಅವನು ನೆಮ್ಮದಿಯಾಗಿರಲಾಗದು. ಕಚೇರಿಗೆ ಟಿಕೆಟು ಕೊಂಡು ಹೋಗುವುದು, ಕಲಾವಿದನಿಂದಲೇ ಧ್ವನಿಮುದ್ರಿಕೆಯನ್ನು ಕೊಳ್ಳುವುದು, ಇವು ಇಂದಿಗೂ ನೇರವಾದ ದಾರಿಗಳು. ಹಾಡು ಅಗ್ಗವಾಗಬಹುದು, ಹಾಡಿದವನ ಶ್ರಮವು ಅಗ್ಗವಾಗಬಾರದು.