ಊರಿನ ಗಸ್ತು ಯಾರ ಹೊಣೆ?

ಪ್ರಶ್ನೆ: ನಾವು ಮಸ್ಕತ್‌ನ ದಾರ್ಸೈಟ್‌ನಲ್ಲಿದ್ದೇವೆ. ಶಿರಸಿಯ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ನಮ್ಮೂರಿನಂಥ ಸಣ್ಣ ನಗರದಲ್ಲಿ ಪೊಲೀಸರು ಗಸ್ತನ್ನು ಹೇಗೆ ಹಂಚಿಕೊಳ್ಳುತ್ತಾರೆ? ಇಲ್ಲಿಯ ಹಾಗೆಯೇ?

ಉತ್ತರ: ಅಲ್ಲಿಗೂ ಇಲ್ಲಿಗೂ ಮೊದಲ ವ್ಯತ್ಯಾಸ ಆಡಳಿತದ್ದು. ಒಮಾನಿನಲ್ಲಿ ದೇಶಕ್ಕೆಲ್ಲ ಒಂದೇ ಪಡೆ, ರಾಯಲ್ ಒಮಾನ್ ಪೊಲೀಸ್. ಸಂಚಾರ, ಪಾಸ್‌ಪೋರ್ಟ್, ಕಸ್ಟಮ್ಸ್, ಕರಾವಳಿ ಕಾವಲು ಎಲ್ಲವೂ ಅದರ ಕೈಯಲ್ಲೇ ಇವೆ. ನಮ್ಮಲ್ಲಿ ಪೊಲೀಸ್ ರಾಜ್ಯದ ವಿಷಯ. ಬೆಂಗಳೂರು, ಮಂಗಳೂರಿನಂಥ ನಗರಗಳಿಗೆ ಕಮಿಷನರ್ ಇದ್ದಾರೆ. ಶಿರಸಿಯಂಥ ಊರಿಗೆ ಡಿವೈಎಸ್‌ಪಿ, ಅವರ ಮೇಲೆ ಕಾರವಾರದ ಎಸ್‌ಪಿ.

2011ರ ಜನಗಣತಿಯಲ್ಲಿ ಶಿರಸಿಯ ಜನಸಂಖ್ಯೆ 62 ಸಾವಿರದಷ್ಟಿತ್ತು. ಅಂಥ ಊರಿನ ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚುತ್ತಾರೆ. ಹಿಂದೆ ಬೀಟ್ ಎಂದರೆ ಮುಖ್ಯವಾಗಿ ರಾತ್ರಿ ಪಾಳಿ. ಇಂದು ಒಬ್ಬರು, ನಾಳೆ ಇನ್ನೊಬ್ಬರು. ಬ್ಯಾಂಕ್, ಚಿನ್ನದಂಗಡಿಗಳ ಬಳಿ ಇಟ್ಟ ಪುಸ್ತಕಕ್ಕೆ ಸಹಿ ಹಾಕಿ ಮುಂದೆ ಹೋಗುತ್ತಿದ್ದರು. 2017ರಲ್ಲಿ ಆರ್.ಕೆ. ದತ್ತ ಡಿಜಿಪಿ ಆಗಿದ್ದಾಗ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಠಾಣೆಯ ಒಬ್ಬೊಬ್ಬ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗೆ ಒಂದೊಂದು ಪ್ರದೇಶ. ಅಲ್ಲಿಯ ಸಮನ್ಸ್, ಪಾಸ್‌ಪೋರ್ಟ್ ಪರಿಶೀಲನೆ, ಹಳೆಯ ಕಳ್ಳರ ಮೇಲಿನ ನಿಗಾ, ಒಂಟಿಯಾಗಿರುವ ಹಿರಿಯರ ಯೋಗಕ್ಷೇಮ, ಸ್ಥಳೀಯರ ಜತೆ ಸಭೆ ಅವರದೇ ಹೊಣೆ. ನನ್ನ ದೃಷ್ಟಿಯಲ್ಲಿ ಗಸ್ತಿನ ಜೀವ ಇರುವುದು ಇಲ್ಲಿ. ಬೀದಿಯಲ್ಲಿ ಯಾರು ಹೊಸಬರು, ಯಾವ ಮನೆಗೆ ಬೀಗ ಬಿದ್ದಿದೆ ಎಂಬುದು ದಿನಾ ಅದೇ ಬೀದಿಗೆ ಹೋಗುವವರಿಗೆ ಮಾತ್ರ ಗೊತ್ತಾಗುತ್ತದೆ.

ಬರೀ ಗಾಡಿ ಸುತ್ತಿದರೆ ಸಾಲದು ಎಂಬುದಕ್ಕೆ ಆಧಾರವಿದೆ. 1972–73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತು ಗಾಡಿಗಳನ್ನು ಹೆಚ್ಚಿಸಿದರು, ಇನ್ನೊಂದರಲ್ಲಿ ಎಂದಿನಂತೆ ಬಿಟ್ಟರು, ಮೂರನೆಯದರಲ್ಲಿ ಕರೆ ಬಂದಾಗ ಮಾತ್ರ ಹೋದರು. ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 2009ರಲ್ಲಿ ಫಿಲಡೆಲ್ಫಿಯಾದಲ್ಲಿ ಹಿಂಸಾಚಾರ ಹೆಚ್ಚಿದ್ದ ಆಯ್ದ ಜಾಗಗಳಿಗೆ ಕಾಲ್ನಡಿಗೆಯ ಪೊಲೀಸರನ್ನು ಕಳಿಸಿದಾಗ ಅಲ್ಲಿ ಅಪರಾಧ ಇಳಿಯಿತು. ಎಲ್ಲಿ, ಯಾವ ಹೊತ್ತಿಗೆ, ಯಾರನ್ನು ಕಳಿಸಬೇಕು ಎಂದು ಯೋಚಿಸುವುದರಲ್ಲೇ ಠಾಣಾಧಿಕಾರಿಯ ಅನುಭವ ಕಾಣುವುದು.

ಅವರ ಕೈ ಕಟ್ಟುವುದು ಸಿಬ್ಬಂದಿಯ ಲೆಕ್ಕ. ವಾರಕ್ಕೆ 168 ತಾಸು. ಎಂಟು ತಾಸಿನಂತೆ ಆರು ದಿನ ದುಡಿದರೆ ಒಬ್ಬರದು 48 ತಾಸು. ಅಂದರೆ ಒಂದು ಜಾಗವನ್ನು ಹಗಲಿರುಳೂ ಕಾಯಲು ಕನಿಷ್ಠ ಮೂರೂವರೆ ಜನ ಬೇಕು. ರಜೆ, ಕೋರ್ಟು, ಬಂದೋಬಸ್ತು ಸೇರಿದರೆ ಐದಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯನ್ನು ನೆನೆಯಿರಿ: ಜನಜಂಗುಳಿ ಇರುವಲ್ಲಿಗೆ ಪೊಲೀಸರು ಹೋಗಲೇಬೇಕು, ಆ ದಿನಗಳಲ್ಲಿ ಮಾಮೂಲಿ ಬೀಟ್‌ಗೆ ಉಳಿಯುವವರು ಎಷ್ಟು ಮಂದಿ! ರಾತ್ರಿಯೆಲ್ಲ ನಿದ್ದೆಗೆಟ್ಟ ಕಾನ್‌ಸ್ಟೆಬಲ್ ಬೆಳಗ್ಗೆ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಬೇಕಾದ ಸ್ಥಿತಿ ಬದಲಾಗದೆ ಯಾವ ಸುಧಾರಣೆಯೂ ಗಟ್ಟಿಯಾಗಿ ನಿಲ್ಲದು.

ತುರ್ತು ಕರೆಯ ದಾರಿ ಬೇರೆ. 112ಕ್ಕೆ ಫೋನ್ ಮಾಡಿದರೆ ಹತ್ತಿರದ ಗಸ್ತು ವಾಹನಕ್ಕೆ ಸುದ್ದಿ ಹೋಗುತ್ತದೆ, ನಿಮ್ಮಲ್ಲಿ 9999 ಇದ್ದಂತೆ. ಆದರೆ ಒಮಾನಿನಿಂದ ನೀವು 112 ಒತ್ತಿದರೆ ಶಿರಸಿಗೆ ತಲುಪುವುದಿಲ್ಲ. ಆದ್ದರಿಂದ ಠಾಣೆಯ ಸ್ಥಿರ ದೂರವಾಣಿಯ ಸಂಖ್ಯೆಯನ್ನು +91 ಸೇರಿಸಿ ಬರೆದಿಟ್ಟುಕೊಳ್ಳಿ. ತಮ್ಮ ಬೀದಿಯ ಬೀಟ್ ಕಾನ್‌ಸ್ಟೆಬಲ್ ಯಾರೆಂದು ಠಾಣೆಯಲ್ಲಿ ಕೇಳಲು ಅಪ್ಪನಿಗೆ ಹೇಳಿ. ಮನೆಯಲ್ಲಿ ಇಬ್ಬರೇ ಇರುವುದನ್ನೂ ಅಲ್ಲಿ ತಿಳಿಸಲಿ. ಅವರು ನಿಮ್ಮ ಬಳಿ ಮಸ್ಕತ್‌ಗೆ ಬರುವ ಹೊತ್ತಿಗೆ, ಮನೆಗೆ ಎಷ್ಟು ದಿನ ಬೀಗ ಎಂಬುದನ್ನು ಮುಂಚಿತವಾಗಿ ಠಾಣೆಗೆ ಬರೆದುಕೊಡಲಿ.