ಸರ್ವೀಸ್ ಅವಧಿಯ ಬದಲಿ ವಾಹನ: ತೆರಿಗೆ, ವಿಮೆ ಮತ್ತು ಹೊಣೆಗಾರಿಕೆ

ವ್ಯಾಪಾರಸ್ಥನೊಬ್ಬನು ತನ್ನ ಕಾರನ್ನು ಸರ್ವೀಸ್‌ಗೆ ಬಿಟ್ಟಾಗ, ಕೆಲಸ ಮುಗಿಯುವವರೆಗೆ ಉಪಯೋಗಿಸಲು ಬೇರೊಂದು ಕಾರನ್ನು ಡೀಲರ್ ಕೊಡುವ ಪದ್ಧತಿ ಇಂದು ಸಾಕಷ್ಟು ರೂಢಿಯಲ್ಲಿದೆ. ಹೀಗೆ ಕೊಡುವ ಕಾರು ಅನೇಕ ವೇಳೆ ಅದೇ ಕಂಪನಿಯದಾಗಿರುವುದಿಲ್ಲ. ಬಾಡಿಗೆ ಸಂಸ್ಥೆಯಿಂದ ತರಿಸಿದ್ದೋ, ವಿನಿಮಯ ಯೋಜನೆಯಲ್ಲಿ ಗ್ರಾಹಕರು ಬಿಟ್ಟುಹೋದದ್ದೋ ಆದ ಪ್ರತಿಸ್ಪರ್ಧಿ ಕಂಪನಿಯ ಕಾರು ಗ್ರಾಹಕನ ಕೈಸೇರುತ್ತದೆ. ಮೇಲ್ನೋಟಕ್ಕೆ ಇದು ಕೇವಲ ಸೌಜನ್ಯದ ವಿಷಯ. ಆದರೆ ಆ ಕಾರು ರಸ್ತೆಗಿಳಿದ ಕ್ಷಣದಿಂದ ಕರಾರು ಕಾಯ್ದೆ, ಮೋಟಾರು ವಾಹನ ಕಾಯ್ದೆ, ವಿಮಾ ಪಾಲಿಸಿ ಹಾಗೂ ಸರಕು ಮತ್ತು ಸೇವಾ ತೆರಿಗೆ ಈ ನಾಲ್ಕೂ ಅನ್ವಯವಾಗುತ್ತವೆ. ಡೀಲರ್ ಮತ್ತು ಗ್ರಾಹಕ ಇಬ್ಬರೂ ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕರಾರು ಕಾಯ್ದೆಯ ದೃಷ್ಟಿ

ಒಬ್ಬರ ಸ್ವತ್ತನ್ನು ನಿರ್ದಿಷ್ಟ ಉದ್ದೇಶಕ್ಕಾಗಿ ಇನ್ನೊಬ್ಬರ ವಶಕ್ಕೆ ಒಪ್ಪಿಸಿ, ಉದ್ದೇಶ ಈಡೇರಿದ ಮೇಲೆ ಹಿಂದಕ್ಕೆ ಪಡೆಯುವ ಏರ್ಪಾಡನ್ನು 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಮು ‘ಬೇಲ್‌ಮೆಂಟ್’ ಎಂದು ಕರೆಯುತ್ತದೆ. ಬದಲಿ ವಾಹನದ ಪ್ರಸಂಗದಲ್ಲಿ ಇಂತಹ ಎರಡು ಏರ್ಪಾಡುಗಳು ಏಕಕಾಲದಲ್ಲಿ ನಡೆಯುತ್ತವೆ. ಗ್ರಾಹಕನ ಕಾರು ಡೀಲರನ ವಶದಲ್ಲಿರುತ್ತದೆ. ಡೀಲರ್ ಕೊಟ್ಟ ಕಾರು ಗ್ರಾಹಕನ ವಶದಲ್ಲಿರುತ್ತದೆ. ಸಾಧಾರಣ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ಸ್ವತ್ತಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ಇಬ್ಬರೂ ವಹಿಸಬೇಕೆಂದು 151ನೇ ಕಲಮು ವಿಧಿಸುತ್ತದೆ.

150ನೇ ಕಲಮು ಇನ್ನೂ ಮಹತ್ವದ್ದು. ಉಚಿತವಾಗಿ ಕೊಟ್ಟ ವಾಹನದಲ್ಲಿ ತನಗೆ ತಿಳಿದಿರುವ ದೋಷವನ್ನು ಕೊಡುವವನು ಹೇಳದಿದ್ದರೆ, ಅದರಿಂದಾದ ಹಾನಿಗೆ ಅವನೇ ಹೊಣೆ. ಬಾಡಿಗೆ ಪಡೆದು ಕೊಟ್ಟಿದ್ದರೆ ದೋಷ ತನಗೆ ತಿಳಿದಿರಲಿಲ್ಲವೆಂಬ ಸಮಾಧಾನವೂ ನಡೆಯದು. ಬೇರೆ ಕಂಪನಿಯ ಕಾರಿನ ಬಗ್ಗೆ ಡೀಲರನ ಸ್ವಂತ ಮೆಕ್ಯಾನಿಕ್‌ಗಳಿಗೂ ಪರಿಚಯ ಕಡಿಮೆ ಇರುವುದರಿಂದ, ಕೊಡುವ ಮುನ್ನ ಬ್ರೇಕು, ಟೈರು, ದೀಪಗಳ ಪರೀಕ್ಷೆ ಅತ್ಯಗತ್ಯ.

ಗ್ರಾಹಕನ ಪಾಲಿಗೆ 154ನೇ ಕಲಮು ಎಚ್ಚರಿಕೆಯ ಗಂಟೆ. ಒಪ್ಪಿದ ಉದ್ದೇಶಕ್ಕೆ ವಿರುದ್ಧವಾಗಿ ವಾಹನವನ್ನು ಬಳಸಿದರೆ, ಆ ಬಳಕೆಯಿಂದ ಅಥವಾ ಆ ಅವಧಿಯಲ್ಲಿ ಉಂಟಾದ ನಷ್ಟವನ್ನು ಅವನು ತುಂಬಿಕೊಡಬೇಕು. ಊರೊಳಗಿನ ಓಡಾಟಕ್ಕೆಂದು ಪಡೆದ ಕಾರಿನಲ್ಲಿ ಸಂಸಾರ ಸಮೇತ ತೀರ್ಥಯಾತ್ರೆಗೆ ಹೊರಡುವುದು ಈ ದೃಷ್ಟಿಯಿಂದ ಅಪಾಯಕಾರಿ.

2. ವಿಮೆ: ಗಮನಕ್ಕೆ ಬಾರದ ಷರತ್ತು

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೆಯವರ ಹಾನಿಗೆ ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ. ಉಲ್ಲಂಘಿಸಿದರೆ 196ನೇ ಕಲಮಿನಡಿ ಮೊದಲ ಸಲಕ್ಕೆ 2,000 ರೂ. ಹಾಗೂ ನಂತರದ ಅಪರಾಧಕ್ಕೆ 4,000 ರೂ. ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಈ ಕಲಮು ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅನ್ವಯಿಸುತ್ತದೆ.

ಪಾಲಿಸಿ ಚಾಲ್ತಿಯಲ್ಲಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಖಾಸಗಿ ಕಾರಿನ ಮಾದರಿ ಪಾಲಿಸಿಯಲ್ಲಿ ‘ಬಳಕೆಯ ಮಿತಿಗಳು’ ಎಂಬ ಭಾಗವಿದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸುವುದನ್ನೂ, ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಯಾವುದೇ ಉದ್ದೇಶಕ್ಕೆ ಬಳಸುವುದನ್ನೂ ಅದು ಹೊರಗಿಡುತ್ತದೆ. ಡೀಲರ್ ತನ್ನ ವ್ಯಾಪಾರದ ಅಂಗವಾಗಿ ಗ್ರಾಹಕನಿಗೆ ಕೊಟ್ಟ ಕಾರು ಈ ಎರಡನೆಯ ಮಿತಿಗೆ ಸಿಲುಕುತ್ತದೆಂದು ವಿಮಾ ಕಂಪನಿ ವಾದಿಸಲು ಅವಕಾಶವಿದೆ. ಆದ್ದರಿಂದ ಬದಲಿ ವಾಹನವಾಗಿ ಬಳಸುವ ವಿಷಯವನ್ನು ವಿಮಾ ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಲೇಸು.

ಯಾಂತ್ರಿಕ ಅಥವಾ ವಿದ್ಯುತ್ ದೋಷ ಸಾಮಾನ್ಯ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ತನ್ನ ಪೆಟ್ರೋಲ್ ಕಾರಿಗೆ ಒಗ್ಗಿಹೋದ ಗ್ರಾಹಕನು ಬದಲಿಯಾಗಿ ಬಂದ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿಸಿದರೆ ಎಂಜಿನ್ ದುರಸ್ತಿಯ ವೆಚ್ಚ ಅವನ ತಲೆಯ ಮೇಲೆಯೇ ಬೀಳಬಹುದು.

3. ವಿನಿಮಯಕ್ಕೆ ಬಂದ ಹಳೆಯ ವಾಹನ

ವಿನಿಮಯದಲ್ಲಿ ಬಂದ ಕಾರಿನ ನೋಂದಣಿ ಪತ್ರ ಬಹಳಷ್ಟು ಸಂದರ್ಭಗಳಲ್ಲಿ ಹಿಂದಿನ ಮಾಲೀಕನ ಹೆಸರಿನಲ್ಲಿಯೇ ಇರುತ್ತದೆ. ಮಾರಾಟವಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ವಾಹನದೊಡನೆ ವಿಮೆಯೂ ವರ್ಗವಾಗುತ್ತದೆ ಎನ್ನುವ 157ನೇ ಕಲಮಿನ ಅನುಕೂಲ ಮೂರನೆಯವರ ಹಾನಿಗಷ್ಟೇ ಸೀಮಿತವೆಂಬುದೂ ಅದೇ ನ್ಯಾಯಾಲಯದ 1990ರ ದಶಕದ ತೀರ್ಪಿನಿಂದ ಸ್ಪಷ್ಟವಾಗಿದೆ. ವಾಹನಕ್ಕೇ ಆದ ಜಖಂ ಅದರಲ್ಲಿ ಸೇರದು. ಅಂದರೆ ಕಾರನ್ನು ಎಂದೋ ಮಾರಿ ಮರೆತಿರುವ ವ್ಯಕ್ತಿಗೆ, ತಾನು ಕಂಡರಿಯದ ಚಾಲಕನು ಮಾಡಿದ ಅಪಘಾತಕ್ಕಾಗಿ ನ್ಯಾಯಮಂಡಳಿಯ ನೋಟೀಸು ಬರಬಹುದು.

ಇದಕ್ಕೆ ಪರಿಹಾರವಾಗಿ, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ನೋಂದಾಯಿತ ಹಳೆಯ ವಾಹನಗಳ ಡೀಲರ್‌ಗಳಿಗೆ ಅಧಿಕೃತ ಮಾನ್ಯತೆ ನೀಡುವ ವ್ಯವಸ್ಥೆಯನ್ನು ರೂಪಿಸಲಾಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ವಾಹನವನ್ನು ಡೀಲರನ ವಶಕ್ಕೆ ಕೊಟ್ಟ ಸೂಚನೆಯನ್ನು ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಪ್ರತಿ ಪ್ರಯಾಣದ ಉದ್ದೇಶ, ಚಾಲಕ, ಸಮಯ, ದೂರಗಳನ್ನು ವಿದ್ಯುನ್ಮಾನ ವಹಿಯಲ್ಲಿ ಡೀಲರ್ ದಾಖಲಿಸಬೇಕು. ಇಂತಹ ವಾಹನವಿರುವುದು ಮಾರಾಟಕ್ಕಾಗಿ. ಅದನ್ನು ಸರ್ವೀಸ್ ಗ್ರಾಹಕರಿಗೆ ಎರವಲು ಕೊಡುವ ಅಭ್ಯಾಸವನ್ನು ಬಿಡುವುದೇ ಕ್ಷೇಮ.

4. ಸರಕು ಮತ್ತು ಸೇವಾ ತೆರಿಗೆ

ಡೀಲರನ ಕಡೆಯಿಂದ ನೋಡಿದಾಗ ಮೂರು ಸಂದರ್ಭಗಳು ಎದುರಾಗುತ್ತವೆ.

(ಅ) ಡೆಮೊ ಕಾರನ್ನು ಕೊಡುವುದು: ಡೆಮೊ ವಾಹನಗಳ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆಂದು 2024ರ ಸೆಪ್ಟೆಂಬರ್ 10ರ 231/25/2024 ಸಂಖ್ಯೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಅಂತಹದೇ ವಾಹನಗಳ ಮುಂದಿನ ಮಾರಾಟಕ್ಕೆ ಅವು ನೆರವಾಗುತ್ತವೆ ಎಂಬುದೇ ಅದಕ್ಕೆ ಆಧಾರ. ಸಿಬ್ಬಂದಿಯ ಓಡಾಟದಂತಹ ಅನ್ಯ ಉದ್ದೇಶಕ್ಕೆ ಬಳಸಿದರೆ ಜಮೆ ಇಲ್ಲವೆಂದೂ ಅದೇ ಸುತ್ತೋಲೆ ಹೇಳುತ್ತದೆ. ಡೆಮೊ ಕಾರನ್ನು ಸರ್ವೀಸ್ ಗ್ರಾಹಕರಿಗೆ ಪದೇ ಪದೇ ಕೊಡುವುದರಿಂದ ಪಡೆದ ಜಮೆಯೇ ವಿವಾದಕ್ಕೆ ಒಳಗಾಗಬಹುದು.

(ಆ) ಪ್ರತಿಸ್ಪರ್ಧಿ ಕಂಪನಿಯ ಕಾರನ್ನು ಖರೀದಿಸಿ ಇಟ್ಟುಕೊಳ್ಳುವುದು: ತಾನು ಮಾರದ ಕಂಪನಿಯ ಕಾರು ಡೀಲರನಿಗೆ ಡೆಮೊ ಆಗಲಾರದು. ಚಾಲಕನೂ ಸೇರಿ 13 ಜನರಿಗೆ ಮೀರದ ಆಸನಗಳುಳ್ಳ ವಾಹನಕ್ಕೆ ಕೇಂದ್ರ ಕಾಯ್ದೆಯ 17(5)ನೇ ಕಲಮಿನ ನಿರ್ಬಂಧ ಅನ್ವಯಿಸುವುದರಿಂದ ಜಮೆ ದೊರೆಯದು. ಉದಾಹರಣೆಗೆ, 8,00,000 ರೂ. ಬೆಲೆಯ ಸಣ್ಣ ಕಾರಿಗೆ ಶೇ. 18ರಂತೆ 1,44,000 ರೂ. ತೆರಿಗೆಯಾದರೆ, ಪೂರ್ಣ 9,44,000 ರೂ.ಗಳನ್ನು ಆಸ್ತಿಯ ವೆಚ್ಚವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದಾಯ ತೆರಿಗೆಯಲ್ಲಿ ಶೇ. 15ರ ದರದಲ್ಲಿ ಪೂರ್ಣ ವರ್ಷದ ಸವಕಳಿ 1,41,600 ರೂ. ಆಗುತ್ತದೆ. ಶೇ. 30ರ ದರ ಬಾಡಿಗೆಗೆ ಓಡಿಸುವುದನ್ನೇ ವ್ಯವಹಾರವಾಗಿ ಉಳ್ಳವರಿಗೆ ಮಾತ್ರ.

(ಇ) ಬಾಡಿಗೆಗೆ ತರಿಸಿ ಕೊಡುವುದು: ಬಾಡಿಗೆಯ ಮೇಲಿನ ತೆರಿಗೆಗೂ ಸಾಮಾನ್ಯವಾಗಿ ಜಮೆ ಇಲ್ಲ. ಆದರೆ ಅದೇ ವರ್ಗದ ಸೇವೆಯನ್ನು ಮುಂದಕ್ಕೆ ಪೂರೈಸಿದರೆ, ಅಥವಾ ಅದು ತೆರಿಗೆಗೊಳಪಡುವ ಸಂಯುಕ್ತ ಪೂರೈಕೆಯ ಅಂಗವಾಗಿದ್ದರೆ ವಿನಾಯಿತಿಯುಂಟು. ಸರ್ವೀಸ್ ಪ್ಯಾಕೇಜಿನಲ್ಲಿ ಬದಲಿ ವಾಹನವೂ ಸೇರಿದೆಯೆಂದು ಬಿಲ್ಲಿನಲ್ಲಿಯೂ ದರಪಟ್ಟಿಯಲ್ಲಿಯೂ ನಮೂದಿಸಿದ್ದರೆ ಈ ವಾದಕ್ಕೆ ಬಲ ಬರುತ್ತದೆ. ಬಾಯಿಮಾತಿನ ಸೌಜನ್ಯಕ್ಕೆ ಲೆಕ್ಕಪರಿಶೋಧನೆಯಲ್ಲಿ ಬೆಲೆ ಇಲ್ಲ.

ಗ್ರಾಹಕನಿಂದ ದಿನಕ್ಕಿಷ್ಟೆಂದು ಹಣ ಪಡೆದರೆ ಅದು ತೆರಿಗೆಗೊಳಪಡುವ ಸೇವೆಯಾಗುತ್ತದೆ. ಅಷ್ಟೇ ಅಲ್ಲ, ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಟ್ಟಂತಾಗಿ ಪರವಾನಗಿಯ ಪ್ರಶ್ನೆಯೂ ಏಳುತ್ತದೆ. ಸ್ವಯಂಚಾಲನೆಯ ಬಾಡಿಗೆ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು.

ಗ್ರಾಹಕನ ಕಡೆಯಿಂದ ನೋಡಿದರೆ, 24,000 ರೂ.ಗಳ ಸರ್ವೀಸ್ ಬಿಲ್ಲಿನ ಮೇಲೆ 4,320 ರೂ. ತೆರಿಗೆ ತೆತ್ತ ಕಿರಾಣಿ ಅಥವಾ ಜವಳಿ ವ್ಯಾಪಾರಿಗೆ ಕಾರಿನ ವಿಷಯದಲ್ಲಿ ಜಮೆ ಇಲ್ಲ. ವ್ಯವಹಾರಕ್ಕೆ ಬಳಸಿದ ಕಾರಾದರೆ ಒಟ್ಟು 28,320 ರೂ.ಗಳನ್ನು ವೆಚ್ಚವೆಂದು ತೋರಿಸಬಹುದು. ಅದೇ ವ್ಯಾಪಾರಿಯ ಸರಕು ಸಾಗಣೆ ವಾಹನದ ಸರ್ವೀಸ್ ಬಿಲ್ಲಿಗೆ ಮಾತ್ರ ಈ ನಿರ್ಬಂಧವಿಲ್ಲ.

5. ಒಂದು ಪುಟದ ಒಪ್ಪಿಗೆ ಪತ್ರ

ಮೇಲಿನ ತೊಡಕುಗಳಲ್ಲಿ ಹೆಚ್ಚಿನವು ಒಂದು ಪುಟದ ಒಪ್ಪಿಗೆ ಪತ್ರದಿಂದ ನಿವಾರಣೆಯಾಗುತ್ತವೆ. ಅದರಲ್ಲಿ ಈ ಅಂಶಗಳಿರಲಿ:

– ನೋಂದಣಿ ಸಂಖ್ಯೆ, ನೋಂದಾಯಿತ ಮಾಲೀಕನ ಹೆಸರು, ವಿಮೆಯ ಮುಕ್ತಾಯ ದಿನಾಂಕ;
– ಓಡಿಸುವವರ ಹೆಸರು, ಚಾಲನಾ ಪರವಾನಗಿಯ ಸಂಖ್ಯೆ;
– ಕೊಟ್ಟ ಮತ್ತು ಮರಳಿಸಿದ ದಿನ, ಗಂಟೆ, ಕಿಲೋಮೀಟರ್ ಅಂಕಿ;
– ಇಂಧನದ ಬಗೆ ಹಾಗೂ ಪ್ರಮಾಣ, ಈಗಾಗಲೇ ಇರುವ ಗೀರು ಮತ್ತು ತಗ್ಗುಗಳು;
– ಫಾಸ್ಟ್ಯಾಗ್ ಶಿಲ್ಕು, ಸಂಚಾರ ದಂಡ ಭರಿಸುವವರು ಯಾರೆಂಬ ವಿವರ;
– ವಿಮಾ ಕಂಪನಿ ಕೊಡದ ಮೊತ್ತವನ್ನು ಯಾರು ಭರಿಸಬೇಕೆಂಬ ಸ್ಪಷ್ಟ ಒಪ್ಪಂದ.

ಗಂಟೆಯ ನಮೂದು ಕ್ಷುಲ್ಲಕವೆನಿಸಬಹುದು. ಆದರೆ ವಾರಗಳ ನಂತರ ವಿದ್ಯುನ್ಮಾನ ಚಲನ್ ಬಂದಾಗ, ಅಂದು ಆ ವೇಳೆಗೆ ಚಾಲಕ ಯಾರಿದ್ದರೆಂದು ಮಾಲೀಕನು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಆಗ ನೆರವಿಗೆ ಬರುವುದು ಆ ಒಂದು ಸಾಲು ಮಾತ್ರ.

ಬದಲಿ ವಾಹನವನ್ನು ಕೊಡುವುದೂ ಪಡೆಯುವುದೂ ತಪ್ಪಲ್ಲ. ಗ್ರಾಹಕನ ಒಂದು ದಿನದ ವ್ಯಾಪಾರ ನಿಲ್ಲದಂತೆ ಕಾಪಾಡುವ ಉತ್ತಮ ಸೇವೆಯದು. ಬೀಗದ ಕೈ ಕೈಬದಲಾಗುವ ಮುನ್ನ ಡೀಲರ್ ತನ್ನ ಪಾಲಿಸಿಯ ಷರತ್ತನ್ನು ಓದಿರಬೇಕು. ಗ್ರಾಹಕನು ನೋಂದಣಿ ಪತ್ರ ಮತ್ತು ವಿಮಾ ಪತ್ರಗಳನ್ನು ಕೇಳಿ ನೋಡಿರಬೇಕು. ಈ ಎರಡಕ್ಕೂ ಹಿಡಿಯುವ ಸಮಯ ಹತ್ತು ನಿಮಿಷ. ಅಪಘಾತದ ಮೊಕದ್ದಮೆ ಹೂಡಿದ ಮೇಲೆ ಅದೇ ಕಾಗದಗಳನ್ನು ಹುಡುಕುತ್ತ ವರ್ಷಗಳನ್ನೇ ಕಳೆಯಬೇಕಾದೀತು.