ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕೂಡಿ ಮಾಡುವ ವ್ಯಾಯಾಮ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಣ ಊರುಗಳಿಗೆ ಮರಳುವ ತಾಯಂದಿರನ್ನು ಮನೆಯವರು ಅಕ್ಕರೆಯಿಂದ ಕಾಣುತ್ತಾರೆ. 'ಬಿಂದಿಗೆ ಎತ್ತಬೇಡ, ಸುಮ್ಮನೆ ಮಲಗಿರು' ಎನ್ನುತ್ತಾರೆ. ಆದರೆ ಅಲುಗಾಡಿಸದ ಭುಜ ಬಿಗಿಯುತ್ತದೆ. ತಲೆ ಬಾಚಲೂ ಕೈ ಮೇಲೇರದಾಗುತ್ತದೆ. ಸಂಕೋಚದಿಂದ ಹೊರಗೆ ಬಾರದವರ ಮನಸ್ಸೂ ಕುಗ್ಗುತ್ತದೆ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ವಿಕಿರಣ ನೀಡಿದಾಗ ದುಗ್ಧರಸದ ಹರಿವು ಕುಂಠಿತವಾಗಿ ತೋಳು ಊದಿಕೊಳ್ಳಬಹುದು. ಇಂಥವರು ಭಾರ ಎತ್ತಲೇಬಾರದೆಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. 1996ರಲ್ಲಿ ಕೆನಡಾದ ವ್ಯಾಂಕೂವರಿನ ವೈದ್ಯ ಡಾನ್ ಮೆಕೆಂಜಿಯವರು ಚಿಕಿತ್ಸೆ ಪಡೆದ 24 ಮಹಿಳೆಯರನ್ನು ಒಟ್ಟುಗೂಡಿಸಿ ದೋಣಿಗೆ ಹುಟ್ಟು ಹಾಕಿಸಿ ಈ ಭಯವನ್ನು ಪ್ರಶ್ನಿಸಿದರು. 2009ರಲ್ಲಿ ಅಮೆರಿಕದಲ್ಲಿ ತೋಳಿನ ಊತವಿದ್ದ 141 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಮಾರ್ಗದರ್ಶನದಲ್ಲಿ ನಿಧಾನವಾಗಿ ಭಾರ ಹೆಚ್ಚಿಸಿಕೊಂಡವರಲ್ಲಿ ಊತ ಹೆಚ್ಚಲಿಲ್ಲ, ಬಲ ಹೆಚ್ಚಿತು. ನಮ್ಮ ಬೆಂಗಳೂರಿನಲ್ಲಿಯೂ ಎಸ್-ವ್ಯಾಸ ಯೋಗ ಸಂಸ್ಥೆಯ ಸಂಶೋಧಕರು ಚಿಕಿತ್ಸೆಯಲ್ಲಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಯೋಗ ಕಲಿಸಿ, ಆತಂಕವೂ ಕೀಮೋಥೆರಪಿಯ ವಾಕರಿಕೆಯೂ ತಗ್ಗುವುದನ್ನು ಕಂಡರು.

ಇದಕ್ಕೆ ದೋಣಿಯೂ ಬೇಡ, ಜಿಮ್ಮೂ ಬೇಡ. ಸ್ತ್ರೀಶಕ್ತಿ ಸಂಘಗಳು ಸೇರುವ ಜಾಗವೇ ಸಾಕು. ಶಸ್ತ್ರವೈದ್ಯರ ಒಪ್ಪಿಗೆ ಪಡೆದು, ಭೌತಚಿಕಿತ್ಸಕರಿಂದ ಕ್ರಮ ಕಲಿತು, ನಾಲ್ಕೈದು ಜನರು ಕೂಡಿ ಆರಂಭಿಸಲಿ. ಮೊದಲು ಹತ್ತು ನಿಮಿಷ ನಡಿಗೆ. ನಂತರ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲೇರಿಸುವುದು, ಭುಜ ತಿರುಗಿಸುವುದು, ದೀರ್ಘ ಉಸಿರಾಟ. ಕ್ರಮೇಣ ವಾರಕ್ಕೆ 150 ನಿಮಿಷಗಳ ಚಟುವಟಿಕೆಯನ್ನು ಮುಟ್ಟುವುದು ಗುರಿಯಾಗಿರಲಿ. ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬ ಆಯುರ್ವೇದದ ನಿಯಮ ಇಲ್ಲಿಗೆ ಬಹಳ ಒಪ್ಪುತ್ತದೆ. ಹಣೆಯಲ್ಲಿ ಬೆವರು ಮೂಡಿ, ಬಾಯಿಂದ ಉಸಿರಾಡುವಂತಾದರೆ ನಿಲ್ಲಿಸಬೇಕು.

ಎಡಭಾಗದ ಶಸ್ತ್ರಚಿಕಿತ್ಸೆಯಾದವರಿಗೆ ಇಷ್ಟಲಿಂಗ ಪೂಜೆಯಲ್ಲಿ ಎಡಗೈ ಎತ್ತಿ ಹಿಡಿಯುವುದು ಆಯಾಸವೆನಿಸಬಹುದು. ಮೊಣಕೈ ಕೆಳಗೆ ದಿಂಬಿಟ್ಟುಕೊಳ್ಳಲಿ, ಭಕ್ತಿಗೆ ಕೊರತೆಯಾಗದು. ಕೈ ದಿನೇ ದಿನೇ ಮೇಲೇರುವುದೇ ಚೇತರಿಕೆಯ ಅಳತೆಯೂ ಆಗುತ್ತದೆ.

ಕೆಲವು ಎಚ್ಚರಿಕೆಗಳು: ಊದಿದ ತೋಳಿಗೆ ಬಲವಾದ ಎಣ್ಣೆ ನೀವಿಕೆ, ಬಿಸಿ ಶಾಖ ಸಲ್ಲದು. ಆ ಕೈಗೆ ಗಾಯ, ಸುಟ್ಟಗಾಯ ಆಗದಂತೆ ಕಾಯ್ದುಕೊಳ್ಳಬೇಕು. ತೋಳು ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರ್ ತಜ್ಞರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಬೇರು, ಭಸ್ಮಗಳನ್ನು ನಂಬುವುದು ಅಪಾಯಕರ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಕ್ಯಾನ್ಸರ್ ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ. ಬಳಲಿದವಳ ನೋವು ಬಳಲಿದವಳಿಗೇ ಚೆನ್ನಾಗಿ ತಿಳಿಯುತ್ತದೆ. ವೈದ್ಯರ ಮುಂದೆ ಹೇಳಲಾರದ್ದನ್ನು ಆಕೆ ಜೊತೆಗಾತಿಗೆ ಹೇಳಿಯಾಳು. ಆದ್ದರಿಂದ ಸದ್ಭಕ್ತರು ತಮ್ಮ ಓಣಿಯ ಅಂಥ ತಾಯಿಯನ್ನು 'ಮಲಗಿರು' ಎನ್ನದೆ, 'ಬನ್ನಿ, ಒಟ್ಟಿಗೆ ನಡೆಯೋಣ' ಎಂದು ಕರೆಯಲಿ.